ಹಳೆಯ ಅಚ್ಚು

ನಾಳೆರಾಯ ಎಂಬುದು ಅವನಿಗೆ ಹೆತ್ತವರು ಇಟ್ಟ ಹೆಸರಲ್ಲ, ಹಲ್ಲು ಕಟ್ಟುವ ಲ್ಯಾಬಿನ ಜೊತೆಗಾರರು ಇಟ್ಟದ್ದು. ಹಾಗಂತ ಅವನು ಮೈಗಳ್ಳನೇನೂ ಅಲ್ಲ. ಬೇರೆಯವರು ಕಟ್ಟಿದ ಹಲ್ಲುಸೆಟ್ಟನ್ನು ಉಜ್ಜಿ, ನಯ ಮಾಡಿ, ಪಾಲಿಶ್ ಕೊಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸ್ವಂತದ ಕೆಲಸ ಬಂದಾಗ ಮಾತ್ರ ಅವನಿಗೆ ನೂರೆಂಟು ನೆಪ.

ಆ ಸ್ವಂತದ ಕೆಲಸ ಲ್ಯಾಬಿನ ಮೇಲಿನ ಶೆಲ್ಫಿನಲ್ಲಿ ಹಳೆಯ ಪೇಪರು ಸುತ್ತಿಕೊಂಡು ಕೂತಿತ್ತು. ಅವನ ಅಮ್ಮನ ಒಸಡಿನ ಅಚ್ಚು. ಉಳಿದಿದ್ದ ಹಲ್ಲುಗಳನ್ನೆಲ್ಲ ಕೀಳಿಸಿ, ಗಾಯ ಮಾಗಿದ ಮೇಲೆ ಅವನೇ ತೆಗೆದದ್ದು. ಅದಾಗಿ ಎರಡು ವರ್ಷದ ಹತ್ತಿರ ಬಂತು. "ಒಂದು ಸೆಟ್ಟು ಮೊದಲಿಂದ ಕೊನೆವರೆಗೂ ನೀನೊಬ್ಬನೇ ಮಾಡಿ ತೋರಿಸು. ಕಿಟಕಿ ಪಕ್ಕದ ಮೇಜು ನಿಂದೇ" ಎಂದಿದ್ದರು ಯಜಮಾನರು. ಕಿಟಕಿ ಪಕ್ಕದ್ದು ಹಲ್ಲು ಕಟ್ಟುವವರ ಮೇಜು. ಪಾಲಿಶಿನವರದು ದೂಳಿನ ಮೂಲೆ. ಮೊದಲ ಸೆಟ್ಟು ಅಮ್ಮನಿಗೇ ಎಂದು ಇವನೇ ಎಲ್ಲರ ಮುಂದೆ ಕೊಚ್ಚಿಕೊಂಡಿದ್ದ.

ಮೊದಲ ಸೆಟ್ಟು, ಅದೂ ಅಮ್ಮನದು, ಒಂದು ಕೊಂಕೂ ಇರಬಾರದಲ್ಲ. ಹಾಗಾಗಿ ಈ ವಾರ ಕೈ ತುಂಬ ಕೆಲಸ, ಮುಂದಿನ ವಾರ ಮೇಣ ಚೆನ್ನಾಗಿಲ್ಲ, ಅದರ ಮುಂದಿನ ವಾರ ಮನಸ್ಸೇ ಸರಿಯಿಲ್ಲ. ನನ್ನನ್ನು ಕೇಳಿದರೆ ಅವನಿಗೆ ಹೆದರಿಕೆ. ಮಾಡದೆ ಇರುವವರೆಗೆ ಕೆಲಸ ಕೆಡುವುದಿಲ್ಲ, ಅಷ್ಟೇ.

ಅಮ್ಮ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಹೊರಡುವುದನ್ನು ಕೂಗುತ್ತಿದ್ದವಳು. ಅವಳ ದನಿ ಕೇಳಿದರೆ ಓಡುತ್ತಿದ್ದವರೂ ನಿಂತು ಕೇಳಿಸಿಕೊಳ್ಳುತ್ತಿದ್ದರಂತೆ. ನಿವೃತ್ತಿಯಾಗಿ, ಹಲ್ಲೂ ಹೋದ ಮೇಲೆ ಫೋನು ಎತ್ತುವುದನ್ನೇ ಬಿಟ್ಟಳು. ನಗು ಬಂದರೆ ಸೆರಗು ಬಾಯಿಗೆ. ಅನ್ನವನ್ನು ಗಂಜಿ ಮಾಡಿಕೊಂಡು, ಮಗ ಎದ್ದು ಹೋದ ಮೇಲೆ ಒಬ್ಬಳೇ ಉಣ್ಣುವಳು. "ನಾನೇ ಮಾಡಿಕೊಡ್ತೀನಿ ಬನ್ನಿ" ಎಂದು ಯಜಮಾನರು ಎರಡು ಸಲ ಹೇಳಿ ಕಳಿಸಿದರೂ ಒಪ್ಪಲಿಲ್ಲ. "ನನ್ನ ಮಗ ಮಾಡ್ತಿದಾನೆ" ಎಂದಳು. ಹಾಲಿನವನಿಗೂ ಅದನ್ನೇ ಹೇಳಿದ್ದಳು.

ಹೀಗಿರುವಾಗ ನಿಲ್ದಾಣಕ್ಕೆ ಹೊಸ ಕಟ್ಟಡವಾಯಿತು. ಮೊದಲ ಬಸ್ಸನ್ನು ಹಳೆಯ ದನಿಯೇ ಕೂಗಬೇಕು ಎಂದು ಅಮ್ಮನಿಗೆ ಕರೆಯೋಲೆ ಬಂತು. ಅವಳು ಮಗನ ಮುಖ ನೋಡಿ, "ಅಷ್ಟರಲ್ಲಿ ಆಗತ್ತೇನೋ? ಆಗದಿದ್ರೆ ಬರಲ್ಲ ಅಂತೀನಿ, ಅದಕ್ಕೇನು" ಎಂದಳು.

ಆಗ ನಾಳೆರಾಯನ ಕಾಲಬುಡಕ್ಕೆ ಬೆಂಕಿ ಬಿತ್ತು. ಅಚ್ಚನ್ನು ಇಳಿಸಿ ದೂಳು ಒರೆಸಿದ. ಊಟ ತಿಂಡಿ ಮರೆತು ಕೂತು ಕಟ್ಟಿದ. ಮೇಣದಲ್ಲಿ ಜೋಡಿಸಿದ ಹಲ್ಲನ್ನು ಒಮ್ಮೆ ಬಾಯಿಗಿಟ್ಟು ನೋಡುವುದು ಪದ್ಧತಿ. ಹೊತ್ತಿಲ್ಲವೆಂದು ಅದನ್ನೂ ಬಿಟ್ಟ. ಸೆಟ್ಟು ಅಚ್ಚಿನ ಮೇಲೆ ಹೇಳಿ ಮಾಡಿಸಿದಂತೆ ಕೂತಿತು. ಮಾಡಿದ್ದೂ ಆ ಅಚ್ಚಿಗೇ ಅಲ್ಲವೇ.

ಯಜಮಾನರು ತಿರುಗಿಸಿ ನೋಡಿ ತಲೆದೂಗಿದರು. "ಕೈ ಇದೆಯಪ್ಪಾ ನಿಂಗೆ. ಅಚ್ಚು ಯಾವಾಗಿಂದು?"

"ಇತ್ತೀಚಿಂದೇ" ಎಂದ.

ಹಲ್ಲು ಕಿತ್ತ ಬಾಯಿ ತಿಂಗಳು ತಿಂಗಳಿಗೂ ಕುಗ್ಗುತ್ತದೆ, ಹಳೆಯ ಅಚ್ಚು ಕೆಲಸಕ್ಕೆ ಬಾರದು. ಬಂದ ಗಿರಾಕಿಗಳಿಗೆಲ್ಲ ಇದನ್ನು ಬಾಯಿಪಾಠ ಒಪ್ಪಿಸುತ್ತಿದ್ದವನೇ ಅವನು. ಗೊತ್ತಿದ್ದೂ ಸುಳ್ಳು ಹೇಳಿದ. ಹೊಸದು ತೆಗೆಯಲು ಹೋದರೆ ಇಷ್ಟು ದಿನ ಏನು ಮಾಡುತ್ತಿದ್ದೆ ಎಂಬುದಕ್ಕೆ ಉತ್ತರ ಕೊಡಬೇಕಿತ್ತು.

ಅಮ್ಮ ಕನ್ನಡಿಯ ಮುಂದೆ ಸೆಟ್ಟು ಹಾಕಿಕೊಂಡಳು. ಕೆಳಗಿನದು ಅಲುಗಾಡಿದ್ದು ಅವನಿಗೆ ಕಂಡಿತು. ಅವಳು ನಾಲಿಗೆಯಿಂದ ಒತ್ತಿ ಹಿಡಿದು ಅವನ ಕಡೆ ತಿರುಗಿದಳು.

"ಸರಿಯಾಗಿದೆ ಕಣೋ. ಅಭ್ಯಾಸ ಆಗ್ಬೇಕು ಅಷ್ಟೇ."

ಬೇಡಮ್ಮ, ಹೋಗಬೇಡ ಎನ್ನಬೇಕಿತ್ತು. ಅದನ್ನೂ ಅವನು ಆಮೇಲೆ ಹೇಳಿದರಾಯಿತು ಎಂದು ನುಂಗಿಕೊಂಡ.

ಹೊಸ ನಿಲ್ದಾಣದಲ್ಲಿ ಜನ ಕಿಕ್ಕಿರಿದಿದ್ದರು. ಅಮ್ಮ ಒಳ್ಳೆಯ ಸೀರೆಯುಟ್ಟು ಮೈಕಿನ ಮುಂದೆ ಕೂತಳು. "ಪ್ರಯಾಣಿಕರ ಗಮನಕ್ಕೆ" ಎಂದಾಗ ಅದೇ ಹಳೆಯ ದನಿ. ಅವನ ಮೈ ಜುಮ್ಮೆಂದಿತು. ಮುಂದಿನ ಮಾತಿಗೆ ಕೆಳಗಿನ ಸೆಟ್ಟು ಎದ್ದು ಮೇಲಿನದಕ್ಕೆ ಟಕ್ಕೆಂದು ಹೊಡೆಯಿತು. ಮೈಕು ಆ ಸದ್ದನ್ನು ನಿಲ್ದಾಣದ ಮೂಲೆ ಮೂಲೆಗೂ ಮುಟ್ಟಿಸಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಮೈಕು ಆರಿಸಿದಳು. ಉಳಿದದ್ದನ್ನು ಪಕ್ಕದಲ್ಲಿದ್ದ ಹುಡುಗಿ ಕೂಗಿದಳು.

ಅವನು ಕಂಬದ ಹಿಂದೆ ನಿಂತಿದ್ದ. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಮ್ಮ ಹೊರಬರುವಾಗ ಟಿಕೆಟ್ ಕೌಂಟರಿನ ಹಳೆಯ ಗೆಳತಿ ಅವಳ ಕೈ ಹಿಡಿದುಕೊಂಡಳು.

"ಹೋಗ್ಲಿ ಬಿಡೇ. ಯಾರು ಮಾಡಿದ್ದು ಈ ಹಲ್ಲು? ಮಗ ಮಾಡ್ತಾನೆ ಅಂತಿದ್ಯಲ್ಲ?"

ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಅಯ್ಯೋ, ಅವನಿಗೆಲ್ಲಿ ಪುರುಸೊತ್ತು. ಅರ್ಜೆಂಟಿತ್ತು ಅಂತ ಪೇಟೇಲಿ ಯಾರ ಹತ್ರಾನೋ ಮಾಡಿಸ್ಕೊಂಡೆ. ಅವನು ಮಾಡಿದ್ರೆ ಹೀಗಾಗ್ತಿತ್ತಾ?"

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ತಲೆ ಎತ್ತದೆ ನಡೆದ. "ಮೈಕೇ ಸರಿ ಇರ್ಲಿಲ್ಲ" ಎಂದು ಅಮ್ಮನೇ ಅವನಿಗೆ ಸಮಾಧಾನ ಹೇಳಿದಳು.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ಯಜಮಾನರ ಮುಂದೆ ನಿಂತ. "ಅಚ್ಚು ಹಳೇದು. ನಿಮಗೆ ಸುಳ್ಳು ಹೇಳ್ದೆ. ಇವತ್ತೇ ಹೊಸದು ತೆಗೀತೀನಿ."

ಯಜಮಾನರು ಅಮ್ಮನನ್ನು ಕರೆಸಿ ಬಾಯಿ ನೋಡಿದರು. ಸೆಟ್ಟು ಒತ್ತಿದ ಕಡೆಯೆಲ್ಲ ಕೆಂಪಗೆ ಹುಣ್ಣು. "ಇವತ್ತಾಗಲ್ಲ" ಎಂದರು. "ಈ ಬಾಯಿಗೆ ಏನೂ ಇಡೋ ಹಾಗಿಲ್ಲ. ಹುಣ್ಣು ಮಾಗಲಿ, ಆಮೇಲೆ."

ಆಮೇಲೆ ಎಂಬ ಮಾತು ಅವನಿಗೆ ಅಷ್ಟು ಕಹಿಯಾದದ್ದು ಅದೇ ಮೊದಲು. ದಿನಾ ಸಂಜೆ ಟಾರ್ಚು ಹಿಡಿದು ಅಮ್ಮನ ಬಾಯಿ ನೋಡುತ್ತಿದ್ದ. "ಅವಸರ ಏನಿಲ್ಲ ಬಿಡೋ" ಎನ್ನುತ್ತಿದ್ದಳು ಅಮ್ಮ. ಎರಡು ವರ್ಷದಿಂದ ಅವನು ಕೇಳಿ ಖುಷಿಪಡುತ್ತಿದ್ದ ಮಾತು ಅದು. ಈಗ ಕಿವಿಗೆ ಕಾದ ಸೀಸದ ಹಾಗಿತ್ತು.

ಹುಣ್ಣು ಮಾಗಿದ ಬೆಳಿಗ್ಗೆ ಅಚ್ಚಿನ ಪುಡಿಯನ್ನೂ ಟ್ರೇಯನ್ನೂ ಮನೆಗೇ ತಂದ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಬಟ್ಟಲಿನ ಪುಡಿಗೆ ನೀರು ಹಾಕಿ ಕಲಸತೊಡಗಿದ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

"ಹಾಲಿನವನು ಅನ್ಸತ್ತೆ. ಹೋಗಿ ಇಸ್ಕೊಂಡು ಬಾ, ಆಮೇಲೆ ಮಾಡೋಣ."

"ನೀರು ಬಿದ್ದಾಯ್ತಮ್ಮ. ಇದು ಕಾಯಲ್ಲ. ಅವನು ಕಾಯ್ತಾನೆ, ಬಾಯಿ ತೆಗಿ."

ಟ್ರೇ ಒಳಗಿಟ್ಟು ಒತ್ತಿದ. ಗಟ್ಟಿಯಾಗುವವರೆಗೆ ಅವಳು ಮಾತಾಡುವಂತಿಲ್ಲ, ಅವನು ಕೈ ಬಿಡುವಂತಿಲ್ಲ. ಅವಳ ಕೆನ್ನೆ ಎಷ್ಟು ಒಳಗೆ ಹೋಗಿದೆ ಎಂಬುದು ಬೆರಳಿಗೆ ತಿಳಿಯುತ್ತಿತ್ತು. ಅವನಿಗೆ ನಾಚಿಕೆಯಿಂದ ಕಣ್ಣು ತುಂಬಿ ಬಂತು.

"ನಿನ್ನ ಗೆಳತಿಗೆ ಫೋನ್ ಮಾಡಿ ಹೇಳು" ಎಂದ. "ಆ ಹಲ್ಲು ನಾನೇ ಮಾಡಿದ್ದು ಅಂತ ಹೇಳು. ಕಂಬದ ಹಿಂದೆ ನಿಂತು ಕೇಳಿಸ್ಕೊಂಡೆ."

ಅಮ್ಮ ಏನೋ ಹೇಳಲು ಹೊರಟಳು. "ಅಲ್ಲಾಡಬೇಡ, ಅಚ್ಚು ಕೆಡತ್ತೆ" ಎಂದ. ಅವಳು ಅಲ್ಲಾಡಲಿಲ್ಲ. ಕೈ ಮಾತ್ರ ಮೇಲೆ ಬಂದು, ಟ್ರೇ ಹಿಡಿದಿದ್ದ ಅವನ ಮಣಿಕಟ್ಟನ್ನು ಹಿಡಿದುಕೊಂಡಿತು. ಬಾಗಿಲಾಚೆ ಹಾಲಿನವನು ಇನ್ನೊಂದು ಸಲ ಬಡಿದ.