ವೆಂಕಟರಾಮು ಡಾಕ್ಟರ ರೌಂಡ್ಸ್

ಅಮೆರಿಕದ ವೆಸ್ಟ್ ಬ್ಲೂಮ್‌ಫೀಲ್ಡಿನ ಆ ಮನೆಯಲ್ಲಿ ದಿನಾ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆ ಶುರುವಾಗುತ್ತಿತ್ತು. ಎಂಬತ್ತೆರಡರ ವೆಂಕಟರಾಮು ಡಾಕ್ಟರು ಇಸ್ತ್ರಿ ಮಾಡಿದ ಶರಟು ತೊಟ್ಟು, ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡು ಹಾಲಿಗೆ ಬಂದು, "ಎಲ್ಲಿ ಹೋದ್ರು ಸ್ಟೂಡೆಂಟ್ಸು? ಟೈಮ್ ಸೆನ್ಸೇ ಇಲ್ಲ!" ಎಂದು ಗದರುವರು. ಮಗಳು ವಸುಧಾ ಕಾಫಿ ಲೋಟ ಬಿಟ್ಟು ಎದ್ದು ಬಂದು "ಸಾರಿ ಸಾರ್" ಎನ್ನಬೇಕು. ವಾರೆನ್ ಊರಿನ ಆಫೀಸಿನಲ್ಲಿ ಮೂವತ್ತು ಇಂಜಿನಿಯರುಗಳನ್ನು ನಡುಗಿಸುವ ಹೆಂಗಸು, ಮನೆಯಲ್ಲಿ ಮಾತ್ರ ದಿನಾ ತಡವಾಗಿ ಬರುವ ವಿದ್ಯಾರ್ಥಿನಿ.

ಡಾಕ್ಟರು ಆಫ್ರಿಕಾದ ಜಾಂಬಿಯಾದಲ್ಲಿ, ಲುಸಾಕಾದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ವೈದ್ಯ ವಿದ್ಯಾರ್ಥಿಗಳಿಗೆ ಪಾಠ ಹೇಳಿದವರು. ಆ ದೇಶದ ಮೂಲೆಮೂಲೆಯ ಆಸ್ಪತ್ರೆಗಳು ತಮ್ಮ ಕೈಲಾಗದು ಎಂದ ರೋಗಿಗಳೆಲ್ಲ ಕೊನೆಗೆ ಬಂದು ಸೇರುವ ದೊಡ್ಡಾಸ್ಪತ್ರೆ ಅದು. ಈಗ ಅಮೆರಿಕ, ನಿವೃತ್ತಿ, ಮಗಳು ಎಲ್ಲ ಅವರ ತಲೆಯಿಂದ ಅಳಿಸಿಹೋಗಿ ಆ ಆಸ್ಪತ್ರೆಯೊಂದೇ ಉಳಿದಿತ್ತು. ಹಾಳು ಮರೆವು ಹೆಂಡತಿಯನ್ನೂ ಬಿಡಲಿಲ್ಲ. ಪಕ್ಕದ ರೂಮಿನಲ್ಲಿ ಮಲಗಿದ್ದ ಅನುಸೂಯಮ್ಮ ಅವರ ಪಾಲಿಗೆ ಒಬ್ಬ ಪೇಷೆಂಟು.

ಅನುಸೂಯಮ್ಮನ ಲಿವರಿನ ಕ್ಯಾನ್ಸರಿಗೆ ಇನ್ನು ಔಷಧವಿರಲಿಲ್ಲ. ಇವತ್ತೋ ನಾಳೆಯೋ ಎಂದು ಹಿಂದಿನ ಸಂಜೆಯೇ ನರ್ಸ್ ಹೇಳಿ ಹೋಗಿದ್ದಳು. ಅನುಸೂಯಮ್ಮ ಮಗಳನ್ನು ಕೇಳಿದ್ದು ಒಂದೇ.

"ನಿಮ್ಮಪ್ಪ ಒಂದ್ಸಲ ಪಕ್ಕದಲ್ಲಿ ಕೂತ್ಕೊಳ್ಳಲಿ ಕಣೆ. ದಿನಾ ಬರ್ತಾರೆ, ನಾಡಿ ನೋಡ್ತಾರೆ, ಹೋಗ್ತಾರೆ."

ವಸುಧಾ ಪ್ರಯತ್ನ ಮಾಡದೆ ಇರಲಿಲ್ಲ. "ಅಪ್ಪಾ, ಅದು ಅಮ್ಮ" ಎಂದಾಗಲೆಲ್ಲ ಅವರು ಕಕ್ಕಾಬಿಕ್ಕಿಯಾಗಿ, ಆಮೇಲೆ ಸಿಟ್ಟಾಗಿ, ಎರಡು ದಿನ ಆ ರೂಮಿನ ಕಡೆಗೇ ಸುಳಿಯುತ್ತಿರಲಿಲ್ಲ. ಈಗ ಎರಡು ದಿನ ಕಾಯುವ ಹಾಗಿರಲಿಲ್ಲ.

ಅವತ್ತು ಬೆಳಿಗ್ಗೆ ಡಾಕ್ಟರು ಮಂಚದ ಬಳಿ ನಿಂತು, "ಮುಲಿ ಬ್ವಾಂಜಿ?" ಎಂದು ಲುಸಾಕಾದ ಜನರ ಮಾತಿನಲ್ಲಿ ಕ್ಷೇಮ ವಿಚಾರಿಸಿದರು.

"ಬ್ವಿನೊ," ಎಂದರು ಅನುಸೂಯಮ್ಮ. ಚೆನ್ನಾಗಿದೀನಿ ಎಂದು ಅಷ್ಟು ಹೇಳುವುದಕ್ಕೇ ಉಸಿರು ಸಾಲಲಿಲ್ಲ.

ಡಾಕ್ಟರು ಹಳದಿ ತಿರುಗಿದ ಕಣ್ಣು ನೋಡಿದರು. ಕಾಲಿನ ಬಾವು ಒತ್ತಿ ನೋಡಿದರು. ಆಮೇಲೆ ವಸುಧಾಳನ್ನು ಹೊರಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಉಳಿಯಲ್ಲ. ಸಂಜೆ ದಾಟೋದು ಕಷ್ಟ. ಗಂಡ ಇದಾನೇನ್ರೀ ಆಕೆಗೆ?"

"ಇದಾರೆ ಸಾರ್."

"ಹೇಳಿ ಕಳ್ಸಿ. ವಿಷಯ ನೀವುಗಳು ಹೇಳ್ಬೇಡಿ, ಬಂದ್ಮೇಲೆ ನಾನೇ ಹೇಳ್ತೀನಿ."

ನೀವೇ ಅಪ್ಪಾ ಅದು ಎಂದು ಕಿರುಚಬೇಕೆನ್ನಿಸಿತು ಅವಳಿಗೆ. ಹಲ್ಲು ಕಚ್ಚಿ ತಡೆದುಕೊಂಡಳು.

"ಅವರು ತುಂಬ ದೂರ ಇದಾರೆ ಸಾರ್. ಬರೋದು ತಡ ಆಗತ್ತೆ."

"ದೂರಾನೇ ಇರತ್ತೆ, ರೆಫರಲ್ ಹಾಸ್ಪಿಟಲ್ ಅಲ್ವಾ? ಎರಡೆರಡು ದಿನ ಬಸ್ಸಲ್ಲಿ ಬರ್ತಾರೆ ಪಾಪ. ಅಲ್ಲೀವರ್ಗೂ ಪೇಷೆಂಟ್ ಒಬ್ರೇ ಇರ್ಬಾರ್ದು. ನನ್ ವಾರ್ಡಲ್ಲಿ ಅದು ರೂಲು. ಇವತ್ತು ಕೂರೋಕೆ ಯಾರಿದೀರಿ?"

"ಯಾರೂ ಇಲ್ಲ ಸಾರ್," ಎಂದಳು ವಸುಧಾ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಬಾಗಿಲಲ್ಲೇ ನಿಂತು ಹಾಗೆ ಹೇಳಿದಳು. "ನೀವೇ ಕೂರ್ತೀರಾ?"

ಡಾಕ್ಟರು ಗಡಿಯಾರ ನೋಡಿಕೊಂಡರು, ಗೊಣಗಿದರು, ಒಳಗೆ ಹೋಗಿ ಕುರ್ಚಿ ಎಳೆದುಕೊಂಡು ಕೂತರು. ಅನುಸೂಯಮ್ಮ ಹೊದಿಕೆಯಿಂದ ಕೈ ಹೊರಗೆ ಚಾಚಿದರು. ಡಾಕ್ಟರು ನಾಡಿ ಹಿಡಿದರು, ಆಮೇಲೆ ಬಿಡಲಿಲ್ಲ. ಹೊರಗೆ ಹಿಮ ಬಾಚುವ ಗಾಡಿ ಎರಡು ಸಲ ಬಂದು ಹೋಯಿತು. ಊಟಕ್ಕೆ ಕರೆದರೂ ಅವರು ಏಳಲಿಲ್ಲ. ಅನುಸೂಯಮ್ಮ ಗಂಡನ ಮುಖವನ್ನೇ ನೋಡುತ್ತ ಮಲಗಿದ್ದರು. ಒಮ್ಮೆ ಮಗಳ ಕಡೆ ತಿರುಗಿ, "ಕೂತ್ರಲ್ಲೇ," ಎಂದರು. ವಸುಧಾ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಮೂರೂಕಾಲಿಗೆ ಉಸಿರು ನಿಂತಿತು. ಡಾಕ್ಟರು ಎದೆಗೆ ಸ್ಟೆತಾಸ್ಕೋಪು ಇಟ್ಟು ಆಲಿಸಿ, ಕಣ್ಣು ಮುಚ್ಚಿಸಿ, ಹೊದಿಕೆ ಸರಿಮಾಡಿದರು. ಆದರೂ ಎದ್ದು ಹೋಗಲಿಲ್ಲ. ಬಾಗಿಲ ಕಡೆಗೆ ನೋಡುತ್ತ ಬಹಳ ಹೊತ್ತು ಕೂತೇ ಇದ್ದರು.

"ಎಂಥ ಮನುಷ್ಯನಮ್ಮಾ ಅವನು," ಎಂದರು ಕೊನೆಗೆ. "ಕಾಯ್ತಾನೇ ಇದ್ರು ಆಕೆ. ಬರ್ಲೇ ಇಲ್ವಲ್ಲ."