ಎರಡು ಶೀಶೆ ಮೂಗೆಣ್ಣೆ

ಮೂಗಿಗೆ ಬಿಡುವ ಮದ್ದಿನೆಣ್ಣೆಗೆ ಹಾಕುವ ಯಾವುದೋ ಒಂದು ಬೇರನ್ನು ಅತ್ತೆ ಸುಭದ್ರಮ್ಮ ತನ್ನಿಂದ ಮುಚ್ಚಿಟ್ಟಿದ್ದಾಳೆ ಎಂಬುದರಲ್ಲಿ ಪ್ರೇಮಲಾಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇಲ್ಲದಿದ್ದರೆ ನಾರಾಯಣಖೇಡ, ತಾಂಡೂರಿನಿಂದ ಹಳೇ ತಲೆನೋವು ಹೊತ್ತು ಬಂದವರೆಲ್ಲ ಹಿರಿಸೊಸೆಯಾದ ತನ್ನ ಶೀಶೆ ಬಿಟ್ಟು ಕಿರಿಸೊಸೆ ಲಾವಣ್ಯಳ ಮೂಗೆಣ್ಣೆಯನ್ನೇ ಯಾಕೆ ಕೇಳಬೇಕು? ಎಳ್ಳೆಣ್ಣೆ ಒಂದೇ ಗಾಣದ್ದು. ಕಷಾಯ ಸುರಿದು ಹತ್ತು ಸಲ ಕುದಿಸುವುದೂ ಒಂದೇ. ಕೊನೆಯ ಕುದಿಗೆ ಹಾಕುವ ಹಾಲು ಕೂಡ ಹಟ್ಟಿಯ ಅದೇ ಮೇಕೆಯದು. ಆದರೂ ಲಾವಣ್ಯಳ ಒಲೆ ಮುಂದೆ ಅತ್ತೆ ಕೂತು ಪಿಸಪಿಸ ಮಾತಾಡುವುದು ಕಂಡರೆ ಪ್ರೇಮಲಾಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಇಷ್ಟು ವರ್ಷ ಮುದುಕಿಯ ಕಾಲೊತ್ತಿದವಳು ತಾನು, ಮೊನ್ನೆ ಮೊನ್ನೆ ಬಂದವಳಿಗೆ ಗುಟ್ಟು!

ಕೊನೆಗೊಂದು ದಿನ ಎರಡೂ ಎಣ್ಣೆಯನ್ನು ಬೇರೆ ಬೇರೆ ಶೀಶೆಗೆ ತುಂಬಿ, ತವರಿಗೆ ಹೊರಟೆನೆಂದು ಸುಳ್ಳು ಹೇಳಿ, ನ್ಯಾಲ್ಕಲ್‌ನಲ್ಲಿ ಆಟೋ ಹತ್ತಿದಳು. ಅವಳ ಚಿಕ್ಕಪ್ಪನ ಮಗ ಪ್ರವೀಣಕುಮಾರ ಜಹೀರಾಬಾದಿನಲ್ಲಿ ಔಷಧ ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದ.

"ಆಕಿ ಎಣ್ಣ್ಯಾಗ ಏನ್ ಹೆಚ್ಚಿಗಿ ಅದ, ಅಷ್ಟ್ ಹೇಳು ಸಾಕು," ಅಂದಳು.

ವಾರ ಬಿಟ್ಟು ಹೋದಾಗ ಅವನು ಕಂಪ್ಯೂಟರಿನಲ್ಲಿ ಎರಡು ಗೆರೆ ತೋರಿಸಿದ. ಯಂತ್ರವು ಎಣ್ಣೆಯನ್ನು ಆವಿ ಮಾಡಿ ಒಳಗಿನ ಅಂಶಗಳನ್ನು ಬಿಡಿಸಿತ್ತಂತೆ. ದೇವದಾರುವಿಗೊಂದು ಏರು, ಲಾವಂಚಕ್ಕೊಂದು ಏರು, ಏಲಕ್ಕಿಗೊಂದು. ಒಂದು ಗೆರೆ ಏರಿದಲ್ಲೆಲ್ಲ ಇನ್ನೊಂದೂ ಏರಿತ್ತು.

"ಬರಾಬರ್ ಒಂದೇ ಅದಾವಕ್ಕಾ. ಎಣ್ಣಿ ಕೆಟ್ಟದೇನ್ ಅಂತ ನೋಡೋ ಆಮ್ಲದ ಲೆಕ್ಕನೂ ಅಷ್ಟೇ. ನಿಂದೂ ಭೇಷ್ ಆಗ್ಯಾದ."

"ಸರಿಯಾಗ್ ನೋಡು!"

"ಮತ್ತೊಮ್ಮಿನೂ ಮಾಡಿ ನೋಡೀನಿ."

ಅವನು ಭೇಷ್ ಅಂದದ್ದು ಅವಳ ಕಿವಿಗೇ ಬೀಳಲಿಲ್ಲ. ಏನಾದರೂ ಬಚ್ಚಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಬೀದಿಯಲ್ಲಿ ನಿಂತು ಜಗಳ ತೆಗೆಯಬಹುದಿತ್ತು, ಅತ್ತು ಕರೆದು ಎಲ್ಲರಿಂದ ಅಯ್ಯೋ ಅನ್ನಿಸಿಕೊಳ್ಳಬಹುದಿತ್ತು. ಈಗ ಜಗಳಕ್ಕೂ ದಿಕ್ಕಿಲ್ಲ.

ಆದರೆ ವಾಪಸು ಬರುವಾಗ ಆಟೋದಲ್ಲಿ ಹೊಸ ಆಸೆ ಹುಟ್ಟಿತು. ಇಷ್ಟು ತಿಳಿದ ಮೇಲಾದರೂ ಅತ್ತೆ ಮೂಗಿಗೆ ಎಣ್ಣೆ ಬಿಡಲು ತನ್ನನ್ನು ಕರೆದಾಳು. ಮನೆಗೆ ಬಂದವಳೇ, ನೆಗಡಿಯಾಗಿ ಮೂಗು ಕಟ್ಟಿ ಮಲಗಿದ್ದ ಸುಭದ್ರಮ್ಮನ ಮುಂದೆ ಎಲ್ಲವನ್ನೂ ಒದರಿದಳು.

ಮುದುಕಿ ಸಿಟ್ಟಾಗಲಿಲ್ಲ. "ಒಂದೇ ಇರ್ತಾವ, ಮತ್ತೇನು? ಇಬ್ರಿಗೂ ನಾನೇ ಕಲಿಸೀನಿ. ತಾ, ಇವತ್ತ ನಿನ್ನ ಎಣ್ಣೀನೇ ಹಾಕಿಸ್ಕೋತೀನಿ."

ಪ್ರೇಮಲಾಳಿಗೆ ಹಿಗ್ಗೋ ಹಿಗ್ಗು. ಓಡಿಹೋಗಿ ಶೀಶೆ ತಂದು, ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ ಅತ್ತೆಯ ಕೈಗಿತ್ತಳು. ಆಮೇಲೆ ಆ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳಲು ಕಾಲು ಮಡಚಿ, ಸೆರಗು ಸರಿಮಾಡಿಕೊಂಡು ಕೂತಳು.

ಸುಭದ್ರಮ್ಮ ಶೀಶೆ ಹಿಡಿದು ಅಡುಗೆಮನೆಯ ಕಡೆ ತಿರುಗಿ ಕೂಗಿದಳು:

"ಲಾವಣ್ಯಾ, ಜರಾ ಬಾರವ್ವಾ. ಎಣ್ಣಿ ಹಾಕು."