ಸೊಂಟಕ್ಕೆ ಬಿಟ್ಟ ಜಾಗ

ಉಮಾಶಂಕರರಿಗೆ ಔಷಧಿ ಕಾರ್ಖಾನೆಯ ಮ್ಯಾನೇಜರಿಕೆ ಹೊಟ್ಟೆಪಾಡು, ತಬಲಾ ಪ್ರಾಣ. ನೈರೋಬಿಯ ಕನ್ನಡಿಗರಲ್ಲಿ ಯಾರೇ ಹಾಡಲಿ, ಅವರು ಉಸಿರೆಳೆದುಕೊಳ್ಳುವಷ್ಟು ಸಂದು ಸಿಕ್ಕರೆ ಸಾಕು, ಈ ಪುಣ್ಯಾತ್ಮರು ಅಲ್ಲೊಂದು ತಿಹಾಯಿ, ಅಂದರೆ ಒಂದೇ ಪಟ್ಟನ್ನು ಮೂರು ಸಲ ಬಾರಿಸುವ ಮುಕ್ತಾಯ, ತುರುಕಿಬಿಡುತ್ತಿದ್ದರು. ತಬಲಾ ಒಂದನ್ನೇ ನುಡಿಸುವ ಸರದಿಯನ್ನು ತಮಗೆ ಯಾರೂ ತಾವಾಗಿ ಕೊಡುವುದಿಲ್ಲ ಎಂಬ ಕೊರಗು ಅವರಿಗೆ ಹಳೆಯದು.

ಸ್ಪ್ರಿಂಗ್ ವ್ಯಾಲಿ ಬಡಾವಣೆಯಲ್ಲಿ ಅವರ ಪಕ್ಕದ ಮನೆಯ ವಾತಿ ಇಂಡೋನೇಷ್ಯಾದವಳು. ಗಂಡನ ಕೆಲಸ ಮುಗಿದು ಜಕಾರ್ತಕ್ಕೆ ಹೊರಟಿದ್ದಳು. ಹತ್ತಿರದ ಗಿಗಿರಿಯ ಹಾಲ್ ಒಂದರಲ್ಲಿ ಭಾನುವಾರದ ಬೀಳ್ಕೊಡುಗೆ ಊಟಕ್ಕೆ ಒಂದು ದಂಗ್‌ದುತ್ ಹಾಡಬೇಕೆಂದು ಅವಳ ಆಸೆ. ದಂಗ್‌ದುತ್ ಎಂದರೆ ಅವರ ನಾಡಿನ ಬೀದಿಬೀದಿಯ ಹಾಡು. ನಮ್ಮ ಹಳೇ ಹಿಂದಿ ಸಿನಿಮಾ ಸಂಗೀತಕ್ಕೆ ಹತ್ತಿರದ ನೆಂಟ. ಅದರ ಡೋಲು ತಬಲಾದ ಕುಲದ್ದೇ; 'ದಂಗ್', 'ದುತ್' ಎಂಬ ಅದರ ಪೆಟ್ಟುಗಳಿಂದಲೇ ಹಾಡಿಗೆ ಆ ಹೆಸರು. ಅವಳ ದೇಶದವರಲ್ಲಿ ಡೋಲು ಬಾರಿಸುತ್ತಿದ್ದ ಒಬ್ಬನೂ ವರ್ಗವಾಗಿ ಹೋಗಿದ್ದರಿಂದ ಉಮಾಶಂಕರರನ್ನು ಕೇಳಿಕೊಂಡಳು.

ಶನಿವಾರ ಅಭ್ಯಾಸ. ಅವಳ ಗಂಡ ಕೀಬೋರ್ಡಿಗೆ ಕೂತ. ಅವಳು ಬಾಯಿ ತೆರೆದದ್ದೇ ತಡ, ಉಮಾಶಂಕರರ ಮೈ ಜುಮ್ಮೆಂದಿತು. ಚರಣದ ಕೊನೆಗೆ ಹಾಡು ಗಕ್ಕನೆ ನಿಂತಿತು. ಸಂದು ಸಿಕ್ಕಿತಲ್ಲ, ಇವರು ತಿಹಾಯಿ ಸುರಿದರು.

ವಾತಿ ಕೈಯೆತ್ತಿದಳು. "ಸರ್, ಅಲ್ಲಿ ಏನೂ ಬಾರಿಸಬೇಡಿ. ಆ ಜಾಗ ನಿಮ್ಮದಲ್ಲ, ನನ್ನದೂ ಅಲ್ಲ. ಕೇಳುವವರ ಸೊಂಟದ್ದು. ಮೂರು ಎಣಿಸಿ ಒಂದೇ ಒಂದು 'ದುತ್' ಕೊಡಿ" ಎಂದಳು ಇಂಗ್ಲಿಷಿನಲ್ಲಿ.

ಉಮಾಶಂಕರರು ಮುಖ ಊದಿಸಿಕೊಂಡು ಮನೆಗೆ ಬಂದರು. "ನಲವತ್ತು ವರ್ಷದ ಪ್ರಾಕ್ಟೀಸ್ ಕಣೇ. ಸುಮ್ನೆ ಕೂರೋಕೆ ನಾನೇ ಬೇಕಿತ್ತಾ? ಬರಲ್ಲ ಅಂತ ಫೋನ್ ಮಾಡ್ತೀನಿ."

"ಮಾಡಿ," ಎಂದರು ಹೆಂಡತಿ ಜಯಮಾಲಾ. "ಮೂರು ವರ್ಷ ಕಿಚನ್ನಲ್ಲೇ ಹಾಡ್ಕೊಂಡಿದ್ದಾಳೆ. ಜನದ ಮುಂದೆ ಹಾಡೋದು ನಾಳೆ ಒಂದೇ ದಿನ. ಸಿಡಿ ಹಾಕ್ಕೊಂಡು ಹಾಡ್ಲಿ ಬಿಡಿ."

ಅವರು ಫೋನ್ ಮುಟ್ಟಲಿಲ್ಲ.

ಭಾನುವಾರ ಮಧ್ಯಾಹ್ನ ಹಾಲ್ ತುಂಬಿತ್ತು. ಮಿಂಚುವ ಹಸಿರು ಉಡುಪಿನಲ್ಲಿ ವಾತಿ ಹಾಡಿದಳು. ಹಾಡಿನ ಮಾತಿನಲ್ಲೆಲ್ಲ ತನ್ನನ್ನು ಬಿಟ್ಟುಹೋದವನಿಗಾಗಿ ಅಳು, ಮೈಯಲ್ಲಿ ಮಾತ್ರ ಮದುವೆಮನೆಯ ಕುಣಿತ. ಹಾಗೆ ಅಳುತ್ತ ಕುಣಿಯಲು ಎಂಟೆದೆ ಬೇಕು. ಎಂಥಾ ಹಾಡುಗಾರ್ತಿಯನ್ನು ಕಾಂಪೌಂಡಿನಾಚೆ ಇಟ್ಟುಕೊಂಡು ಇಷ್ಟು ದಿನ ಕಿವಿ ಮುಚ್ಚಿ ಕೂತಿದ್ದೆ ಎಂದು ಅವರಿಗೆ ನಾಚಿಕೆಯಾಯಿತು.

ಆ ಜಾಗ ಬಂತು. ಬಾರಿಸಲು ಬೆರಳು ತವಕಿಸಿತು. ಅಂಗೈಗಳನ್ನು ತೊಡೆಗೆ ಒತ್ತಿ ಹಿಡಿದರು. ಒಂದು, ಎರಡು, ಮೂರು. ದುತ್.

ಕುರ್ಚಿ ಬಿಟ್ಟೆದ್ದಿದ್ದ ಕೋಟು ತೊಟ್ಟ ಅಧಿಕಾರಿಗಳು, ಬಾಗಿಲಲ್ಲಿ ನಿಂತ ಡ್ರೈವರುಗಳು, ಜಯಮಾಲಾ, ಎಲ್ಲರ ಸೊಂಟವೂ ಒಟ್ಟಿಗೆ ಒಂದೇ ಕಡೆಗೆ ವಾಲಿತು. ಉಮಾಶಂಕರರಿಗೆ ನಗು ಉಕ್ಕಿತು. ಮುಂದಿನ ಚರಣದಲ್ಲಿ ಆ ಜಾಗಕ್ಕಾಗಿ ಅವರೇ ಕಾದರು.

ಹಾಡು ಮುಗಿಯುವ ಹೊತ್ತಿಗೆ ವಾತಿ ಅವರತ್ತ ತಿರುಗಿ, ಈಗ ನಿಮ್ಮ ಸರದಿ ಎಂದು ಎರಡೂ ಕೈ ಚಾಚಿದಳು. ಗಂಡ ಕೀಬೋರ್ಡ್ ನಿಲ್ಲಿಸಿದ. ಇನ್ನು ಅವರು ಎಷ್ಟು ಹೊತ್ತು ಬೇಕಾದರೂ ಬಾರಿಸಬಹುದು, ಎಲ್ಲರೂ ಮರ್ಯಾದೆಯಿಂದ ಕುರ್ಚಿಗೆ ಮರಳಿ ಕೂತು ಕೇಳುತ್ತಾರೆ.

ಯಾರೂ ಇನ್ನೂ ಕೂತಿರಲಿಲ್ಲ; ಸೊಂಟಗಳು ಮುಂದಿನ 'ದುತ್'ಗೆ ಕಾದಿದ್ದವು.

"ನೀನು ಹಾಡಮ್ಮಾ," ಎಂದರು ಉಮಾಶಂಕರರು, ಅವಳಿಗೆ ಕನ್ನಡ ಬಾರದೆಂಬುದನ್ನೇ ಮರೆತು, ಅವಳ ಹಾಡಿನ ತಾಳವನ್ನು ಮತ್ತೆ ಮೊದಲಿನಿಂದ ಬಾರಿಸತೊಡಗಿದರು.